ನಾಯಿಗೆ ಕೆಲಸವಿಲ್ಲ, ಕೂರಲು ಹೊತ್ತಿಲ್ಲ

'ನಾಯಿಗೆ ಕೆಲಸವಿಲ್ಲ, ಕೂರಲು ಹೊತ್ತಿಲ್ಲ' ಎಂಬ ಗಾದೆಯನ್ನು ಕಟ್ಟಿದವರು ಗಂಡಸರೇ ಇರಬೇಕೆಂದು ನನಗೆ ಬಹಳ ದಿನದ ಅನುಮಾನ. ಈ ಗಾದೆಯನ್ನು ನಾನು ಹೆಚ್ಚಾಗಿ ಕೇಳಿದ್ದು ನಾಯಿಗಳ ವಿಷಯದಲ್ಲಿ ಅಲ್ಲ, ಹೆಂಗಸರ ವಿಷಯದಲ್ಲಿ. ಬೆಳಗಿನ ಜಾವದಿಂದ ಅಡಿಗೆಮನೆ, ಹಿತ್ತಿಲು, ಬಚ್ಚಲು ಎಂದು ಗಿರಕಿ ಹೊಡೆಯುತ್ತಿದ್ದ ನಮ್ಮಮ್ಮನನ್ನು ನೋಡಿ, ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತ ದೊಡ್ಡಪ್ಪ ಈ ಮಾತು ಹೇಳಿ ತಾವೇ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ನಗುತ್ತಲೇ ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದಳು. ನಮ್ಮ ದೇಶದ ಜನಗಣತಿಯವರದೂ ಹೆಚ್ಚುಕಡಿಮೆ ದೊಡ್ಡಪ್ಪನ ಲೆಕ್ಕವೇ. ಮನೆಗೆಲಸ ಮಾತ್ರ ಮಾಡುವ ಹೆಂಗಸು ಅವರ ಪಟ್ಟಿಯಲ್ಲಿ ಬರುವುದು 'ಕೆಲಸ ಮಾಡದವರ' ಸಾಲಿನಲ್ಲಿ.

ಹೆಂಗಸರ ಮಾತು ಹಾಗಿರಲಿ. ನಾನೀಗ ಹೇಳಹೊರಟಿರುವುದು ನಿಜವಾಗಿಯೂ ಒಂದು ನಾಯಿಯ ವಿಷಯ.

ನಾಯಿಗಳ ಜೊತೆ ನನಗೆ ಅಂಥ ಸಲಿಗೆಯೇನೂ ಇಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಯವರ ಮಡಿ. ನಾಯಿಯ ಸ್ಥಾನ ಗೇಟಿನಾಚೆ. ರಾತ್ರಿ ಉಳಿದ ಅನ್ನ ಹಾಕುವುದೂ ಗೇಟಿನಾಚೆಯೇ. ಆದರೆ ತವರಿನಲ್ಲಿ ಒಂದು ಬಗೆಯ ನಾಯಿಗಳನ್ನು ಕಂಡಿದ್ದೆ. ನನ್ನ ತವರು ಹಿರಿಯೂರಿನ ಕಡೆ. ಅಪ್ಪ ಶಾಲೆಯ ಮೇಷ್ಟ್ರು, ಜೊತೆಗೆ ನಾಲ್ಕೆಕರೆ ಹೊಲ. ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ಕುರಿಮಂದೆಗಳು ಬರುತ್ತಿದ್ದವು. ಹೊಲದಲ್ಲಿ ಕುರಿ ತರುಬಿಸಿದರೆ ಒಳ್ಳೆಯ ಗೊಬ್ಬರವೆಂದು ಅಪ್ಪ ರಾಗಿ ಅಳೆದುಕೊಟ್ಟು ಅವರನ್ನು ಒಂದೆರಡು ರಾತ್ರಿ ನಿಲ್ಲಿಸಿಕೊಳ್ಳುತ್ತಿದ್ದರು. ಮಂದೆಯ ಜೊತೆ ಎರಡು ಮೂರು ನಾಯಿಗಳು. ಹೊಟ್ಟೆ ಬೆನ್ನಿಗೆ ಹತ್ತಿದ, ಯಾವ ಜಾತಿಯೆಂದು ಹೇಳಲಾಗದ ನಾಯಿಗಳು. ಹಗಲೆಲ್ಲ ಜಾಲಿಮರದ ನೆರಳಲ್ಲಿ ಬಿದ್ದಿರುತ್ತಿದ್ದವು. 'ಇವು ಯಾಕೆ ಯಾವಾಗ್ಲೂ ಮಲಗೇ ಇರ್ತವೆ?' ಎಂದು ನಾನು ಕೇಳಿದ್ದಕ್ಕೆ ಮಂದೆಯ ಯಜಮಾನ ಕಂಬಳಿ ಕೊಡವುತ್ತಾ, 'ಅವುಕ್ಕೆ ರಾತ್ರಿ ಪಾಳಿ ಕಣವ್ವಾ' ಎಂದಿದ್ದ. ಆ ಕಡೆಯ ಬಯಲಿನಲ್ಲಿ ಆಗ ತೋಳದ ಭಯ ಬರಿಯ ಕತೆಯಲ್ಲ. ಎಳೆಮರಿಗಳನ್ನು ಬುಟ್ಟಿ ಕವುಚಿ ಮುಚ್ಚಿ, ಮೇಲೆ ಕಲ್ಲು ಹೇರಿ, ಸುತ್ತ ನಾಯಿ ಬಿಟ್ಟು ಅವರು ಮಲಗುತ್ತಿದ್ದರು.

ಆ ರಾತ್ರಿ ಪಾಳಿಯ ಮಾತು ಮತ್ತೆ ನೆನಪಾದದ್ದು ಎಷ್ಟೋ ವರ್ಷಗಳ ಮೇಲೆ, ಬಹಳ ದೂರದಲ್ಲಿ. ಮಗಳ ಬಾಣಂತನಕ್ಕೆಂದು ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಹೋಗಿದ್ದೆ. ಬಾಣಂತಿ ಖಾರ, ಕೊಬ್ಬರಿ, ಮೆಣಸು, ಹತ್ತಿ ಸೀರೆಯ ಹಳೆಯ ತುಂಡುಗಳು, ಎಲ್ಲ ಕಟ್ಟಿಕೊಂಡೇ ಹೋಗಿದ್ದೆ. ಮಗಳ ಮನೆ ಊರಿನ ಅಂಚಿನಲ್ಲಿ. ಒಂದು ಕಾಲಕ್ಕೆ ಹುಲ್ಲುಗಾವಲಾಗಿದ್ದ ಜಾಗದಲ್ಲಿ ಏಳೆಂಟು ಹೊಸ ಮನೆಗಳು ಎದ್ದಿದ್ದವು. ಅವುಗಳ ಹಿಂದೆ ಒಂದು ಗುಡ್ಡ, ಗುಡ್ಡದ ಇಳಿಜಾರಿನಲ್ಲಿ ಹಳೆಯ ಆಡಿನ ತೋಟ. ಎಪ್ಪತ್ತು ದಾಟಿದ ಒಬ್ಬ ವಿಧವೆ ಮೂವತ್ತು ನಲವತ್ತು ಆಡು ಸಾಕಿಕೊಂಡು, ಹಾಲಿನಿಂದ ಚೀಸ್ ಮಾಡಿ ಮಾರಿಕೊಂಡು ಒಬ್ಬರೇ ಇದ್ದರು. ಮಗಳು ಅವರಿಗಿಟ್ಟ ಹೆಸರು 'ಆಡಿನಜ್ಜಿ.'

ಸಂಜೆ ಮಗು ಮಲಗಿದಾಗ ನಾನು ಆ ಕಡೆ ನಡೆದು ಬರುತ್ತಿದ್ದೆ. ಆಡುಗಳ ನಡುವೆ ಒಂದು ದೊಡ್ಡ ಬಿಳಿ ರಾಶಿ ಬಿದ್ದಿರುತ್ತಿತ್ತು. ಮೊದಲ ದಿನ ಅದು ಉಣ್ಣೆಯ ಮೂಟೆಯಂತೆ ಕಂಡಿತು. ಮೂಟೆ ಎದ್ದು ನಿಂತಿತು! ನನ್ನ ಸೊಂಟದ ಹತ್ತಿರಕ್ಕೆ ಬರುವಷ್ಟು ಎತ್ತರ, ಕರಡಿಯಂಥ ತಲೆ, ಆದರೆ ಕಣ್ಣು ಮಾತ್ರ ಬಲು ಶಾಂತ. ಬೇಲಿಯ ಹತ್ತಿರ ಬಂದು ನನಗೂ ಆಡುಗಳಿಗೂ ನಡುವೆ ಅಡ್ಡ ನಿಂತು ಎರಡೇ ಸಲ ಬೊಗಳಿತು. ಕೋಪದ ಬೊಗಳಿಕೆಯಲ್ಲ, 'ಯಾರು, ಏನು ಕೆಲಸ?' ಎಂದು ಬಾಗಿಲಲ್ಲಿ ನಿಂತ ಹಿರಿಯರು ಕೇಳುವ ಹಾಗೆ. ನಾನು ಅಲ್ಲಿಯೇ ನಿಂತೆ. ಅದೂ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ನನ್ನಿಂದ ಅಪಾಯವಿಲ್ಲವೆಂದು ತೀರ್ಮಾನಿಸಿಕೊಂಡು ತಿರುಗಿ ಹೋಗಿ ಮತ್ತೆ ಮೂಟೆಯಾಯಿತು.

ಅದರ ಹೆಸರು ಬೆಲ್. ಹೆಣ್ಣು ನಾಯಿ, ಆಗ ಒಂಬತ್ತು ವರ್ಷ. ಫ್ರೆಂಚಿನಲ್ಲಿ ಬೆಲ್ ಎಂದರೆ ಚೆಲುವೆ. ಸೆಸಿಲ್ ಓಬ್ರಿ ಎಂಬ ಫ್ರೆಂಚ್ ಮಹಿಳೆ 1965ರಲ್ಲಿ ಟೆಲಿವಿಷನ್ನಿಗೆಂದು ಮಾಡಿದ 'ಬೆಲ್ ಮತ್ತು ಸೆಬಾಸ್ಟಿಯನ್' ಧಾರಾವಾಹಿಯಲ್ಲಿ ಒಬ್ಬ ಅನಾಥ ಹುಡುಗನ ಜೊತೆ ಇಂಥದೇ ಬಿಳಿ ನಾಯಿ ಇತ್ತಂತೆ. ಆಡಿನಜ್ಜಿ ತಮ್ಮ ನಾಯಿಗೆ ಆ ಹೆಸರನ್ನೇ ಇಟ್ಟಿದ್ದರು. ತಳಿಯ ಹೆಸರು ಅಮೆರಿಕದಲ್ಲಿ ಗ್ರೇಟ್ ಪಿರನೀಸ್, ಇಂಗ್ಲೆಂಡಿನಲ್ಲಿ ಪಿರೇನಿಯನ್ ಮೌಂಟನ್ ಡಾಗ್. ಅದರ ತವರಾದ ಫ್ರಾನ್ಸಿನ ಕುರುಬರು ಕರೆಯುವುದು ಸುಮ್ಮನೆ 'ಪಾಟು' ಎಂದು. ಕುರಿ ಕಾಯುವವನು ಎಂಬರ್ಥದ ಹಳೆಯ ಮಾತಿನಿಂದ ಬಂದ ಹೆಸರು. ಗಂಡಾದರೆ ನಲವತ್ತೈದು ಕಿಲೋಗೂ ಮೇಲೆ ತೂಗುತ್ತದೆ. ಹೆಣ್ಣು ಸ್ವಲ್ಪ ಕಡಿಮೆ. ಮೈಮೇಲೆ ಎರಡು ಪದರ ಕೂದಲು: ಒಳಗೆ ಉಣ್ಣೆಯಂತೆ ಮೃದು, ಹೊರಗೆ ಒರಟು. ಹಿಂಗಾಲಿನಲ್ಲಿ ಒಂದರ ಬದಲು ಎರಡೆರಡು ಹೆಚ್ಚಿನ ಉಗುರು. ಅದು ಈ ತಳಿಯ ಗುರುತು.

ಪಿರನೀಸ್ ಎಂಬುದು ಫ್ರಾನ್ಸಿಗೂ ಸ್ಪೇನಿಗೂ ನಡುವೆ ಗೋಡೆಯಂತೆ ನಿಂತ ಪರ್ವತಗಳ ಸಾಲು. ಬೇಸಿಗೆಯಲ್ಲಿ ಕುರಿಗಳನ್ನು ಮೇಲಿನ ಹುಲ್ಲುಗಾವಲಿಗೆ ಹತ್ತಿಸುವುದು, ಹಿಮ ಬೀಳುವ ಮೊದಲು ಇಳಿಸುವುದು ಅಲ್ಲಿನ ಕುರುಬರ ಬಾಳು. ಮೇಲೆ ತೋಳ, ಕರಡಿ. ಆದ್ದರಿಂದ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿದ ಈ ನಾಯಿಗಳು ಮಂದೆಯ ಜೊತೆಗೇ ಇರುತ್ತಿದ್ದವು. ತೋಳ ಹಿಡಿಯುವುದು ಕೊರಳನ್ನೇ ಅಲ್ಲವೆ? ಬಣ್ಣ ಬಿಳಿಯೇ ಏಕೆ ಎಂಬುದಕ್ಕೂ ಕಾರಣವಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲ ಎಂಬ ರೋಮನ್ ಲೇಖಕ, ಮಂದೆಯ ನಾಯಿ ಬಿಳಿಯದಾಗಿರಲಿ, ಮನೆ ಕಾಯುವ ನಾಯಿ ಕಪ್ಪಗಿರಲಿ ಎಂದು ಹೇಳಿದ್ದಾನೆ. ಮನೆಯ ನಾಯಿಯನ್ನು ಕಂಡು ಕಳ್ಳ ಬೆದರಬೇಕು. ಮಂದೆಯ ನಾಯಿಯನ್ನಾದರೋ ಮಸುಕು ಬೆಳಕಿನಲ್ಲಿ ತೋಳವೆಂದು ತಿಳಿದು ಒಡೆಯನೇ ಹೊಡೆದುಬಿಡಬಾರದು. ಎಷ್ಟು ಸರಳವಾದ, ಎಷ್ಟು ಕಷ್ಟಪಟ್ಟು ಕಲಿತ ತಿಳಿವಳಿಕೆ!

ಈ ಬಡ ಕುರುಬರ ನಾಯಿ ಅರಮನೆ ಸೇರಿದ ಕತೆಯೊಂದು ಇದೆ. ಹದಿನಾಲ್ಕನೆಯ ಲೂಯಿ ದೊರೆಗೆ ಕಾಲು ಊನವಾದ ಒಬ್ಬ ಮಗನಿದ್ದ. ಅವನನ್ನು ಸಾಕುತ್ತಿದ್ದಾಕೆ ಮದಾಮ್ ದ ಮೇಂತನೋ ಎಂಬ ವಿಧವೆ; ಕವಿಯೊಬ್ಬನ ಹೆಂಡತಿಯಾಗಿದ್ದು ಬಡತನ ಕಂಡವಳು. 1675ರಲ್ಲಿ ಆಕೆ ಹುಡುಗನ ಕಾಲಿನ ಚಿಕಿತ್ಸೆಗೆಂದು ಪಿರನೀಸಿನ ಬಾರೆಜ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಕರೆದುಕೊಂಡು ಹೋದಳು. ಕಾಲು ಪೂರ್ತಿ ವಾಸಿಯಾಗಲಿಲ್ಲ. ಆದರೆ ಹುಡುಗ ಅಲ್ಲಿನ ಒಂದು ಬಿಳಿ ನಾಯಿಮರಿಯನ್ನು ಬಿಡಲಾರದೆ ಜೊತೆಗೆ ತಂದನೆಂದೂ, ಅಲ್ಲಿಂದ ಮುಂದೆ ಆಸ್ಥಾನದಲ್ಲಿ ಪಾಟು ಸಾಕುವುದು ದೊಡ್ಡಸ್ತಿಕೆಯಾಯಿತೆಂದೂ ಈ ತಳಿಯನ್ನು ಸಾಕುವವರು ಹೇಳಿಕೊಂಡು ಬಂದಿದ್ದಾರೆ. ನಾಯಿಯ ಕತೆ ಎಷ್ಟು ನಿಜವೋ, ಆ ಹೆಂಗಸಿನ ಕತೆಯಂತೂ ನಿಜ. ಪರರ ಮಗುವನ್ನು ಕಾಯಲು ಬಂದಾಕೆಯನ್ನು ದೊರೆ ಮುಂದೆ ಗುಟ್ಟಾಗಿ ಮದುವೆಯಾದ. ರಾಣಿಯೆಂದು ಮಾತ್ರ ಲೋಕಕ್ಕೆ ಸಾರಲಿಲ್ಲ.

ಅರಮನೆ ಸೇರಿದ್ದರಿಂದ ತಳಿ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆ, ವಿಷ, ಬಂದೂಕುಗಳಿಂದ ತೋಳಗಳೂ ಕರಡಿಗಳೂ ಕಡಿಮೆಯಾದಂತೆ ನಾಯಿಗೆ ಕೆಲಸ ತಪ್ಪಿತು. ಕೆಲಸ ತಪ್ಪಿದ ಮೇಲೆ ಬಡವರ ಮನೆಯಲ್ಲಿ ಅಷ್ಟು ದೊಡ್ಡ ಹೊಟ್ಟೆಗೆ ಹಾಕುವವರು ಯಾರು? ಬೆಟ್ಟ ನೋಡಲು ಬಂದ ಪ್ರವಾಸಿಗಳಿಗೆ ಮರಿಗಳನ್ನು ಮಾರಿಕೊಂಡರು. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಒಳ್ಳೆಯ ನಾಯಿಗಳು ಬೆರಳೆಣಿಕೆಗೆ ಇಳಿದಿದ್ದವು. 1920ರ ದಶಕದಲ್ಲಿ ಬರ್ನಾರ್ಡ್ ಸೆನಾಕ್ ಲಗ್ರಾಂಜ್ ಎಂಬವರು ಗೆಳೆಯರ ಜೊತೆ ಬೆಟ್ಟದ ಹಳ್ಳಿಗಳನ್ನು ತಿರುಗಿ, ಉಳಿದವುಗಳಲ್ಲಿ ಉತ್ತಮವಾದುವನ್ನು ಹುಡುಕಿ ತಳಿಯನ್ನು ಉಳಿಸಿಕೊಂಡರು. ಅಮೆರಿಕದಲ್ಲಿ ಈ ತಳಿ ನೆಲೆಯೂರಿದ್ದು ಮ್ಯಾಸಚೂಸೆಟ್ಸಿನ ಮೇರಿ ಕ್ರೇನ್ ಮತ್ತು ಫ್ರಾನ್ಸಿಸ್ ಕ್ರೇನ್ ದಂಪತಿಗಳಿಂದ. 1931ರಿಂದ ಅವರು ಫ್ರಾನ್ಸಿನಿಂದ ನಾಯಿಗಳನ್ನು ತರಿಸತೊಡಗಿದರು. 1933ರಲ್ಲಿ ಅಲ್ಲಿನ ಕೆನಲ್ ಕ್ಲಬ್ಬು ತಳಿಯನ್ನು ಮಾನ್ಯ ಮಾಡಿತು.

ಹೀಗೆ ಉಳಿದ ನಾಯಿಗೆ ಮತ್ತೆ ಕೆಲಸ ಸಿಕ್ಕಿದ್ದು ಇನ್ನೂ ನಲವತ್ತು ವರ್ಷದ ಮೇಲೆ. ಅಮೆರಿಕದ ಕುರಿ ಸಾಕುವವರು ಕಾಯೋಟಿ ಎಂಬ ಪ್ರಾಣಿಯನ್ನು ವಿಷವಿಟ್ಟು ಕೊಲ್ಲುತ್ತಿದ್ದರು. ಅದು ನಮ್ಮ ಗುಳ್ಳೆನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ವಿಷ ಇಟ್ಟದ್ದು ಕಾಯೋಟಿಗೆ, ಸತ್ತದ್ದು ಹದ್ದು ಮೊದಲಾಗಿ ಎಲ್ಲವೂ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ಅಂಥ ವಿಷ ಇಡುವುದನ್ನು ನಿಷೇಧಿಸಿದರು. ಇನ್ನೇನು ದಾರಿ ಎಂದು ಹುಡುಕುವಾಗ ಯೂರೋಪಿನ ಹಳೆಯ ಕಾವಲು ನಾಯಿಗಳು ನೆನಪಾದವು. ಮ್ಯಾಸಚೂಸೆಟ್ಸಿನ ಹ್ಯಾಂಪ್‌ಶೈರ್ ಕಾಲೇಜಿನ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿಗಳು 1970ರ ದಶಕದ ಕೊನೆಯಲ್ಲಿ ಇಂಥ ನಾಯಿಗಳನ್ನು ರೈತರಿಗೆ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಕಾವಲು ನಾಯಿಗೆ ಬೇಕಾದದ್ದು ಮೂರು ಗುಣ ಎಂದು ಅವರು ಕಂಡುಕೊಂಡರು: ಮಂದೆಯ ಜೊತೆ ಗಮನವಿಟ್ಟು ಇರಬೇಕು, ಮಂದೆಗೆ ತಾನೇ ತೊಂದರೆ ಕೊಡಬಾರದು, ಹೊರಗಿನಿಂದ ಬಂದದ್ದಕ್ಕೆ ಅಡ್ಡ ನಿಲ್ಲಬೇಕು.

ಆಡಿನಜ್ಜಿ ಇದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ; ಆದರೂ ಹಾಲು ಕಾಯಿಸುವ ಇಬ್ಬರು ಹೆಂಗಸರಿಗೆ ಬಹಳ ಭಾಷೆ ಬೇಕಾಗುವುದಿಲ್ಲ. ಮರಿಗೆ ಎಂಟು ವಾರವಾದಾಗ ಆಡಿನ ಮರಿಗಳ ನಡುವೆ ಬಿಡುತ್ತಾರಂತೆ. ಏನೂ ಕಲಿಸುವುದಿಲ್ಲ. ಆಡುಗಳ ಜೊತೆ ಉಂಡು, ಅವುಗಳ ಮೈಗೆ ಒತ್ತಿ ಮಲಗಿ, ದೊಡ್ಡ ಆಡಿನಿಂದ ಒಂದೆರಡು ಸಲ ಗುದ್ದಿಸಿಕೊಂಡು, ಇವು ನನ್ನವು ಎಂದು ಅದೇ ತಿಳಿದುಕೊಳ್ಳುತ್ತದೆ. ಎರಡು ವರ್ಷ ಹುಡುಗಾಟ. ಆಮೇಲೆ ತಾನಾಗಿ ಜವಾಬ್ದಾರಿ ಬರುತ್ತದೆ. 'ನಮ್ಮ ಹುಡುಗರಿಗೂ ಹೀಗೆ ಎರಡು ವರ್ಷಕ್ಕೆ ಬರುವ ಹಾಗಿದ್ದರೆ!' ಎಂದು ನಾನೆಂದೆ. ಆಕೆ ಬಿದ್ದು ಬಿದ್ದು ನಕ್ಕರು. ನಾಯಿಯ ಮೈ ಬಾಚಿ ತೆಗೆದ ಕೂದಲನ್ನು ಆಕೆ ಒಂದು ಚೀಲದಲ್ಲಿ ತುಂಬಿಟ್ಟಿದ್ದರು. ನೂಲು ತೆಗೆದು ಟೋಪಿ ಹೆಣೆಯುತ್ತಾರಂತೆ. ಅತ್ತೆಯವರು ಇದ್ದಿದ್ದರೆ ಆ ಟೋಪಿಯನ್ನು ಕಂಡೇ ಸ್ನಾನ ಮಾಡುತ್ತಿದ್ದರೇನೋ.

'ಇದು ಹೇಳಿದ ಮಾತು ಕೇಳುತ್ತದೆಯೇ?' ಎಂದು ಒಂದು ದಿನ ಕೇಳಿದೆ.

'ಇಲ್ಲ,' ಎಂದರು ಆಕೆ. 'ಕೇಳಲೂಬಾರದು. ನಾನು ಮಲಗಿರುವಾಗಲ್ಲವೆ ಇದರ ಕೆಲಸ? ಆಗ ಹೇಳುವವರು ಯಾರಿರುತ್ತಾರೆ?'

ಈ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲಿ ಮೆಲುಕು ಹಾಕಿದ್ದೇನೆ. ನಾವು ನಾಯಿಯನ್ನು ಹೊಗಳುವುದೇ ಅದು ಹೇಳಿದ್ದು ಕೇಳುತ್ತದೆ ಎಂದು. ಕೂರು ಎಂದರೆ ಕೂರಬೇಕು, ಓಡು ಎಂದರೆ ಓಡಬೇಕು. ನಮ್ಮ ಮುಧೋಳದ ನಾಯಿಯನ್ನು ನೋಡಿ. 2005ರಲ್ಲಿ ಅಂಚೆ ಇಲಾಖೆಯವರು ಅದರ ಚೀಟಿಯನ್ನೇ ತಂದರು. ಬಳ್ಳಿಯಂತೆ ಬಳುಕುವ ಮೈ, ಬಿಲ್ಲಿನಿಂದ ಬಿಟ್ಟ ಬಾಣದ ಓಟ. ಅದು ಅಟ್ಟಿ ಹಿಡಿಯುವ ನಾಯಿ. ಇದು ನಿಲ್ಲುವ ನಾಯಿ. ಓಡಿಹೋಗುವ ಶತ್ರುವಿನ ಬೆನ್ನು ಹತ್ತಿ ದೂರ ಹೋದರೆ ಹಿಂದೆ ಉಳಿದ ಮಂದೆಯ ಗತಿ? ಆದ್ದರಿಂದ ಸ್ವಲ್ಪ ದೂರ ಅಟ್ಟಿ ಮರಳಿ ಬರುತ್ತದೆ. ಕಾದಾಟವೂ ಅಪರೂಪ. ಸಂಜೆಯಾದರೆ ಸುತ್ತು ಹಾಕುತ್ತದೆ, ಅಲ್ಲಲ್ಲಿ ಮೂತ್ರದ ಗುರುತು ಬಿಡುತ್ತದೆ, ರಾತ್ರಿಯೆಲ್ಲ ಬೊಗಳುತ್ತದೆ. ನಾನಿದ್ದೇನೆ, ಎಚ್ಚರವಾಗಿದ್ದೇನೆ, ಈ ಕಡೆ ಬಂದರೆ ಸುಲಭವಿಲ್ಲ ಎಂದು ಸಾರುವುದೇ ಅದರ ಮುಖ್ಯ ಆಯುಧ.

ಆ ಬೊಗಳಿಕೆಯೇ ತೊಂದರೆಗೆ ಬಂತು.

ಮಗಳ ಸ್ಥಿತಿ ಆಗ ಹೇಗಿತ್ತೆಂಬುದನ್ನು ಹೆತ್ತವರಿಗೆ ಬೇರೆ ವಿವರಿಸಬೇಕಾಗಿಲ್ಲ. ಎರಡು ಗಂಟೆಗೊಮ್ಮೆ ಹಾಲು. ಹಗಲು ಮಲಗುವ ಮಗು ರಾತ್ರಿ ಕಣ್ಣು ಬಿಡುತ್ತಿತ್ತು. ನಮ್ಮಲ್ಲಿ 2017ರಿಂದ ಸಂಘಟಿತ ಕೆಲಸದ ಹೆಂಗಸರಿಗೆ ಇಪ್ಪತ್ತಾರು ವಾರ ಸಂಬಳ ಸಹಿತ ಹೆರಿಗೆ ರಜೆಯ ಕಾನೂನಿದೆ. ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ 1993ರ ಕಾನೂನು ಕೊಡುವುದು ಹನ್ನೆರಡು ವಾರ, ಅದೂ ಸಂಬಳವಿಲ್ಲದೆ. ವಾರಗಳನ್ನು ಎಣಿಸುತ್ತಾ, ನಿದ್ದೆಗೆಟ್ಟು, ಹುಡುಗಿ ಕಡ್ಡಿಯಾಗಿದ್ದಳು. ಅಂತೂ ಮಗು ಮಲಗಿತು ಎನ್ನುವಾಗ ಗುಡ್ಡದ ಮೇಲಿಂದ ಬೆಲ್‌ಳ ದನಿ. ಮಗು ಬೆಚ್ಚಿ ಏಳುತ್ತಿತ್ತು. 'ಅಮ್ಮಾ, ಆ ನಾಯಿಗೆ ಬೇರೆ ಕೆಲಸ ಇಲ್ವೇನಮ್ಮಾ?' ಎಂದು ಅವಳು ಒಂದು ರಾತ್ರಿ ಅಳುತ್ತಲೇ ಕೇಳಿದಳು.

ಹೊಸ ಮನೆಗಳ ಎಲ್ಲರಿಗೂ ಅದೇ ದೂರು. ಡಿಸೆಂಬರಿನಲ್ಲಿ ಒಬ್ಬರು ಒಂದು ಅರ್ಜಿ ಬರೆದು ಸಹಿ ಹಾಕಿಸಿಕೊಳ್ಳಲು ಮನೆಮನೆಗೆ ಬಂದರು. ರಾತ್ರಿ ಬೊಗಳುವ ನಾಯಿಯನ್ನು ಒಳಗೆ ಕಟ್ಟಬೇಕು, ಇಲ್ಲವೇ ಅಲ್ಲಿಂದ ಸಾಗಿಸಬೇಕು ಎಂದು ಊರಿನ ಕಚೇರಿಯನ್ನು ಕೇಳಿಕೊಂಡ ಅರ್ಜಿ. ಅಳಿಯಂದಿರು, 'ಯೋಚನೆ ಮಾಡಿ ಕೊಡ್ತೀವಿ' ಎಂದು ಇಟ್ಟುಕೊಂಡರು. ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಎರಡು ದಿನ ನಮ್ಮನ್ನೇ ನೋಡುತ್ತಿತ್ತು.

ನಾನೇನು ಹೇಳಬಹುದಿತ್ತು? ಒಂದು ಕಡೆ ನನ್ನ ಮಗಳ ನಿದ್ದೆ. ಅದಕ್ಕಿಂತ ಹೆಚ್ಚಿನದು ನನಗೆ ಆಗ ಈ ಲೋಕದಲ್ಲಿ ಯಾವುದೂ ಇರಲಿಲ್ಲ. ಇನ್ನೊಂದು ಕಡೆ ಒಬ್ಬಳೇ ಮುದುಕಿಯ ಜೀವನ. ನಾಯಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿದರೆ ಆಡುಗಳು ಉಳಿಯುವುದಿಲ್ಲ, ಆಡು ಹೋದರೆ ಆಕೆಗೆ ಅಲ್ಲಿರಲು ಕಾರಣವಿಲ್ಲ. ಇದು ಆ ಗುಡ್ಡದ ಜಗಳ ಮಾತ್ರವಲ್ಲ. ಫ್ರಾನ್ಸಿನಲ್ಲೂ ಹೀಗೇ ಆಗಿದೆ. 1992ರಲ್ಲಿ ಇಟಲಿಯ ಕಡೆಯಿಂದ ತೋಳಗಳು ಆಲ್ಪ್ಸ್ ಬೆಟ್ಟಗಳಿಗೆ ಮರಳಿ ಬಂದವು; 1996ರಲ್ಲಿ ಪಿರನೀಸಿಗೆ ಸ್ಲೊವೇನಿಯಾದಿಂದ ಕರಡಿಗಳನ್ನು ತಂದು ಬಿಟ್ಟರು. ಕುರುಬರು ಮತ್ತೆ ಪಾಟುಗಳನ್ನು ಮಂದೆಗೆ ಬಿಟ್ಟರು. ಈಗ ಬೆಟ್ಟ ಹತ್ತಲು ಬಂದ ಪ್ರವಾಸಿಗಳನ್ನು ನಾಯಿ ಅಡ್ಡಗಟ್ಟಿತು, ಕೆಲವರನ್ನು ಕಚ್ಚಿತು ಎಂದು ದೂರು. ದಾರಿಯಲ್ಲಿ ಫಲಕಗಳನ್ನು ಹಾಕಿದ್ದಾರೆ: ಓಡಬೇಡಿ, ಕೋಲು ಬೀಸಬೇಡಿ, ನಿಂತು ಅದಕ್ಕೆ ನಿಮ್ಮನ್ನು ನೋಡಲು ಬಿಡಿ, ಮಂದೆಯ ನಡುವೆ ನುಗ್ಗದೆ ಸುತ್ತಿ ಹೋಗಿ. ತೋಳವೂ ಉಳಿಯಬೇಕು, ಕುರಿಯೂ ಉಳಿಯಬೇಕು, ನಮ್ಮ ನಿದ್ದೆಯೂ ಕೆಡಬಾರದು ಎಂದರೆ ನಡುವೆ ನಿಲ್ಲುವ ನಾಯಿಯ ಮೇಲೇ ಎಲ್ಲರ ಸಿಟ್ಟು.

ಮೂರನೆಯ ದಿನ ಬೆಳಿಗ್ಗೆ ಹಿಮ ನಿಂತು ಬಿಸಿಲು ಬಂದಿತ್ತು. ರಾತ್ರಿ ಬೆಲ್ ಎಂದಿಗಿಂತ ಹೆಚ್ಚು ಬೊಗಳಿತ್ತು. 'ಸ್ವಲ್ಪ ಗಾಳಿಗೆ ಬಾರೇ' ಎಂದು ಮಗಳನ್ನು ಕರೆದೆ. ಬಾಣಂತಿಯನ್ನು ಹಿಮದಲ್ಲಿ ಹೊರಗೆ ಕರೆದುಕೊಂಡು ಹೋದೆನೆಂದರೆ ಊರಿನಲ್ಲಿ ನನ್ನ ಅಕ್ಕತಂಗಿಯರು ಒಪ್ಪಲಿಕ್ಕಿಲ್ಲ. ಆದರೆ ಮೂರು ತಿಂಗಳು ನಾಲ್ಕು ಗೋಡೆಯ ನಡುವೆ ಇದ್ದರೆ ತಲೆ ಕೆಡುವುದೂ ಕಾಯಿಲೆಯೇ. ಕಿವಿಗೆ ಹತ್ತಿ ಇಟ್ಟು, ಮೇಲೆ ಎರಡು ಶಾಲು ಹೊದಿಸಿ, ಮಗುವನ್ನು ಅಳಿಯಂದಿರ ಕೈಗೆ ಕೊಟ್ಟು ಹೊರಟೆವು. ಮಾತಿಲ್ಲದೆ ಬೇಲಿಯ ತನಕ ನಡೆದೆವು.

ಹೊಸ ಹಿಮದ ಮೇಲೆ ರಾತ್ರಿಯ ಕತೆಯೆಲ್ಲ ಬರೆದಿತ್ತು. ಕಾಡಿನ ಅಂಚಿನಿಂದ ಸಣ್ಣ ಹೆಜ್ಜೆಗಳ ಎರಡು ಮೂರು ಸಾಲು ಇಳಿದು ಬಂದಿದ್ದವು. ಒಂದು ಕಡೆ ಬೇಲಿಯ ಹತ್ತಿರ ಬಂದು ನಿಂತು, ಅಲ್ಲಿಂದ ಪಕ್ಕಕ್ಕೆ ಸರಿದು ಇನ್ನೊಂದು ಕಡೆ ನೋಡಿ, ಮತ್ತೆ ಸುತ್ತಿ ಮೂರನೆಯ ಕಡೆ ಬಂದಿದ್ದವು. ಬೇಲಿಯ ಒಳಗೆ, ಪ್ರತಿ ಸಲವೂ ಅವುಗಳಿಗೆ ಎದುರಾಗಿ, ನನ್ನ ಅಂಗೈಯಷ್ಟು ಅಗಲದ ಹೆಜ್ಜೆಗಳು. ಅವು ಎಲ್ಲಿ ಸರಿದರೆ ಅಲ್ಲಿಗೆ ಇವೂ ಸರಿದಿದ್ದವು. ಒಂದು ಜಾಗದಲ್ಲಿ ಹಿಮ ಪೂರ್ತಿ ತುಳಿದು ಮಣ್ಣು ಕಾಣುತ್ತಿತ್ತು. ಅಲ್ಲಿ ಬಹಳ ಹೊತ್ತು ನಿಂತಿರಬೇಕು. ಕೊನೆಗೆ ಸಣ್ಣ ಹೆಜ್ಜೆಗಳು ಒಂದೇ ಸಾಲಾಗಿ ಕಾಡಿನ ಕಡೆ ಮರಳಿದ್ದವು. ರಕ್ತವಿಲ್ಲ, ಕಿತ್ತ ಕೂದಲಿಲ್ಲ. ಆಡುಗಳು ಹುಲ್ಲು ಜಗಿಯುತ್ತಿದ್ದವು. ಬೆಲ್ ಬಿಸಿಲಿಗೆ ಮೈಚಾಚಿ ಮಲಗಿತ್ತು. ನಮ್ಮನ್ನು ಕಂಡು ಒಂದು ಕಣ್ಣು ತೆರೆದು ಬಾಲವನ್ನು ಒಂದೇ ಸಲ ನೆಲಕ್ಕೆ ಬಡಿಯಿತು.

ಮಗಳು ಆ ಹೆಜ್ಜೆಗಳ ಉದ್ದಕ್ಕೂ ನಡೆದು ನೋಡಿದಳು. ಹೋದಳು, ಬಂದಳು. ಅಷ್ಟು ಹೊತ್ತಿಗೆ ಆಡಿನಜ್ಜಿ ಬಕೆಟ್ಟು ಹಿಡಿದು ಬಂದರು. 'ರಾತ್ರಿ ಏನಾಯಿತು?' ಎಂದು ಮಗಳು ಕೇಳಿದಳು. ಆಕೆ ಹಿಮದ ಕಡೆ ಒಮ್ಮೆ ನೋಡಿ, 'ಏನೂ ಆಗಲಿಲ್ಲ,' ಎಂದರು.

ಹಿಂದಿರುಗುವಾಗ ಮಗಳು ಇದ್ದಕ್ಕಿದ್ದ ಹಾಗೆ, 'ಅಮ್ಮಾ, ನಾನು ಚಿಕ್ಕವಳಿದ್ದಾಗ ನೀನು ರಾತ್ರಿ ಹೇಗೆ ಮಾಡ್ತಿದ್ದೆ?' ಎಂದಳು. ಅವಳಿಗೆ ಎರಡು ವರ್ಷದ ತನಕ ಜ್ವರ ಬಂದರೆ ಫಿಟ್ಸ್ ಬರುತ್ತಿತ್ತು. ಜ್ವರದ ರಾತ್ರಿಗಳಲ್ಲಿ ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು, ಅರ್ಧ ಗಂಟೆಗೊಮ್ಮೆ ಮೈ ಮುಟ್ಟಿ ನೋಡಿಕೊಂಡು, ಗೋಡೆಗೆ ಒರಗಿ ಬೆಳಗು ಮಾಡುತ್ತಿದ್ದೆ. ಬೆಳಿಗ್ಗೆ ಅವಳು ಎದ್ದು ಆಡಿಕೊಳ್ಳುತ್ತಿದ್ದಳು. ಮನೆಯವರು ಎದ್ದು, 'ರಾತ್ರಿ ಏನೂ ತೊಂದರೆ ಆಗ್ಲಿಲ್ಲ ತಾನೇ?' ಎನ್ನುತ್ತಿದ್ದರು. 'ಇಲ್ಲ' ಎಂದು ನಾನು ಕಾಫಿಗೆ ನೀರಿಡುತ್ತಿದ್ದೆ. ಇದನ್ನು ಅವಳಿಗೆ ಅದುವರೆಗೆ ಹೇಳುವ ಸಂದರ್ಭ ಬಂದಿರಲಿಲ್ಲ. ಆ ದಿನ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ನಡೆದಳು.

ಅರ್ಜಿಗೆ ಅವಳು ಸಹಿ ಹಾಕಲಿಲ್ಲ. ಹಾಕದೆ ಸುಮ್ಮನಿರಲೂ ಇಲ್ಲ. ಅರ್ಜಿ ತಂದವರನ್ನೂ ಆಡಿನಜ್ಜಿಯನ್ನೂ ಮನೆಗೆ ಕರೆದು ಕೂರಿಸಿದಳು. ನಾನು ಕೋಡುಬಳೆ ಕರಿದೆ. ಮಾತು ಮೊದಲು ಬಿಸಿಯಾಗಿ, ಆಮೇಲೆ ಇಳಿಯಿತು. ಕೊನೆಗೆ ಆಡುಗಳನ್ನು ರಾತ್ರಿ ತುಂಬುವ ದೊಡ್ಡಿಯನ್ನು ಗುಡ್ಡದ ಆಚೆಯ ಮಗ್ಗುಲಿಗೆ ಸರಿಸುವುದು, ಬೇಲಿ ಹಾಕುವ ಖರ್ಚಿನಲ್ಲಿ ಮನೆಗಳವರು ಪಾಲು ಕೊಡುವುದು ಎಂದಾಯಿತು. ಇಬ್ಬರು ಒಪ್ಪದೆ ಎದ್ದು ಹೋದರು. ಉಳಿದವರು ಒಂದು ಶನಿವಾರ ಸೇರಿ ಬೇಲಿ ಹಾಕಿದರು. ಬೆಲ್ ಬೊಗಳುವುದೇನೂ ನಿಲ್ಲಲಿಲ್ಲ, ದೂರವಾಯಿತು, ಅಷ್ಟೆ. ಆಶ್ಚರ್ಯವೆಂದರೆ ಆ ದೂರದ ದನಿಗೆ ಮಗು ಒಗ್ಗಿಕೊಂಡಿತು.

ನಾನು ಹೊರಡುವ ಮುಂಚೆ ಆಡಿನಜ್ಜಿ ಒಂದು ಮರಿಯನ್ನು ತಂದಿದ್ದರು. ಈ ತಳಿಯ ಆಯಸ್ಸು ಹತ್ತು ಹನ್ನೆರಡು ವರ್ಷ. ಬೆಲ್‌ಗೆ ಹಿಂಗಾಲು ಎಳೆಯತೊಡಗಿತ್ತು. ಹೊಸ ಮರಿ ಬೆಲ್‌ಳ ಕಿವಿ ಕಚ್ಚಿ ಎಳೆಯುವುದು, ಆಡಿನ ಹಿಂದೆ ಓಡುವುದು. ಓಡಿದಾಗಲೆಲ್ಲ ಬೆಲ್ ಎದ್ದು ಹೋಗಿ ಅದನ್ನು ಪಂಜದಿಂದ ನೆಲಕ್ಕೆ ಒತ್ತಿ ಹಿಡಿಯುತ್ತಿತ್ತು. ಮರಿ ಸುಮ್ಮನಾದ ಮೇಲೆ ಬಿಡುತ್ತಿತ್ತು. ಸಂಜೆಯ ಸುತ್ತಿಗೆ ಹೊರಟಾಗ ಮರಿಯೂ ಎಡವುತ್ತಾ ಹಿಂದೆ ಹೋಗುತ್ತಿತ್ತು. ಮುದಿನಾಯಿ ಎಲ್ಲಿ ನಿಂತು ಮೂಸುತ್ತದೋ ಅಲ್ಲಿ ಅದೂ ನಿಂತು ಮೂಸುತ್ತಿತ್ತು.

ಇದಾಗಿ ನಾಲ್ಕು ವರ್ಷವಾಯಿತು. ಎರಡು ವರ್ಷದ ಹಿಂದೆ ಒಂದು ಮಳೆಗಾಲದ ಬೆಳಿಗ್ಗೆ ಮಗಳು ಫೋನು ಮಾಡಿ, ಬೆಲ್ ಆಡುಗಳ ನಡುವೆ ಮಲಗಿದ್ದಲ್ಲೇ ಹೋಯಿತೆಂದು ಹೇಳಿದಳು. ಆಡುಗಳು ಮಧ್ಯಾಹ್ನದವರೆಗೂ ಆ ಜಾಗ ಬಿಟ್ಟು ಕದಲಲಿಲ್ಲವಂತೆ. ಈಗ ಗುಡ್ಡದ ಮೇಲೆ ಬೊಗಳುವುದು ಆ ಮರಿ. ಮೊಮ್ಮಗಳು ಅದರ ದನಿಯನ್ನು ಅಣಕಿಸಿ ನನಗೆ ಫೋನಿನಲ್ಲಿ ಕೇಳಿಸುತ್ತಾಳೆ.

ಭಾನುವಾರ ಬೆಳಿಗ್ಗೆ, ಅವರಿಗೆ ಶನಿವಾರ ರಾತ್ರಿ, ನಾವು ಮಾತಾಡುತ್ತೇವೆ. 'ಏನೇ ವಿಶೇಷ?' ಎಂದು ನಾನು ಕೇಳುತ್ತೇನೆ. 'ಏನೂ ವಿಶೇಷ ಇಲ್ಲಮ್ಮಾ' ಎನ್ನುತ್ತಾಳೆ. ಮೊದಲಾದರೆ ಈ ಉತ್ತರಕ್ಕೆ ನನಗೆ ಬೇಸರವಾಗುತ್ತಿತ್ತು. ಈಗ ಆ 'ಏನೂ ಇಲ್ಲ' ಎಂಬುದರ ಹಿಂದೆ ಎಷ್ಟು ಕೆಲಸವಿದೆ, ಎಷ್ಟು ಎಚ್ಚರವಿದೆ ಎಂದು ಲೆಕ್ಕ ಹಾಕಿಕೊಂಡು, ಒಳ್ಳೆಯದಾಯಿತು ಎಂದು ಫೋನು ಇಡುತ್ತೇನೆ.